ಅಡುಗೆಮನೆ ತುಂಬಿತ್ತು, ಅಟ್ಟ ಖಾಲಿ ಬಿದ್ದಿತ್ತು



ಕಳೆದ ಸಂಚಿಕೆಯಲ್ಲಿ ಹಿತಕಿದ ಅವರೆಬೇಳೆ ಸಾರಿನ ವಿಷಯ ಬರೆದಿದ್ದೆನಷ್ಟೆ. ಅದಕ್ಕೆ ಬಂದ ಕಾಗದಗಳಲ್ಲಿ ಹನೂರಿನ ಸೋದರಿಯೊಬ್ಬರು ಸಾರಿನ ಸುದ್ದಿ ಎರಡು ಸಾಲಿನಲ್ಲಿ ಮುಗಿಸಿ, ಬೇರೆಯದೇ ಪ್ರಶ್ನೆ ಹಾಕಿದ್ದಾರೆ. "ಮನೆಯ ಕಂಪ್ಯೂಟರಿನಲ್ಲಿ 'ಸಿ' ತುಂಬಿದೆ, ಜಾಗವಿಲ್ಲ ಅಂತ ದಿನಾ ಬರುತ್ತಿದೆ. ಪಕ್ಕದಲ್ಲಿ 'ಡಿ' ಪೂರ್ತಿ ಖಾಲಿ ಇದೆ. ಇದರಲ್ಲಿರೋದನ್ನ ಅದಕ್ಕೆ ಸುರಿದುಬಿಟ್ಟರೆ ಆಗದೇ ಅಕ್ಕ?"

ಓದಿ ಮೊದಲು ನಗು ಬಂತು. ಆಮೇಲೆ ನಿಂತು ಹೋಯಿತು. ಏಕೆಂದರೆ ಹೀಗೆ ಸುರಿಯಲು ಹೋಗಿಯೇ ನಾನು ಒಂದು ವಸ್ತು ಕಳೆದುಕೊಂಡೆ. ಅದನ್ನು ದುಡ್ಡು ಕೊಟ್ಟು ತರುವ ಹಾಗಿಲ್ಲ. ನಾನು ಎಸ್.ಎಸ್.ಎಲ್.ಸಿ. ಓದಿದವಳು, ಕಂಪ್ಯೂಟರ್ ಪಂಡಿತಳಲ್ಲ. ಆದರೆ ಕೈ ಸುಟ್ಟುಕೊಂಡವಳು ಒಲೆಯ ವಿಷಯ ಹೇಳಬಹುದಲ್ಲವೇ?

ನಮ್ಮ ಮನೆಯಲ್ಲಿರುವುದು 2019ರಲ್ಲಿ ಮಗಳು ಇಂಜಿನಿಯರಿಂಗ್ ಸೇರಿದಾಗ ಮೈಸೂರಿನಿಂದ ತಂದ ಲ್ಯಾಪ್‌ಟಾಪ್. ಅವಳು ಓದು ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಅದು ನಮ್ಮ ಪಾಲಿಗೆ ಉಳಿಯಿತು. ನಮ್ಮವರಿಗೆ ಗೊಬ್ಬರದ ಅಂಗಡಿಯ ಲೆಕ್ಕ, ನನಗೆ ಫೋಟೋ, ಅಡುಗೆ ವಿಡಿಯೋ, ಅತ್ತೆಯವರ ಹಾಡು. ಅದರೊಳಗೆ ಎರಡು ಡಿಸ್ಕ್ ಇವೆ. 'ಸಿ' ಅನ್ನುವುದು 128 ಜಿಬಿಯದು. ಎಸ್‌ಎಸ್‌ಡಿ ಅನ್ನುತ್ತಾರೆ, ಒಳಗೆ ತಿರುಗುವ ಭಾಗ ಯಾವುದೂ ಇಲ್ಲ, ಬಹಳ ಚುರುಕು. 'ಡಿ' ಎನ್ನುವುದು 1 ಟಿಬಿ, ಅಂದರೆ 1000 ಜಿಬಿ. ಅದು ಹಳೆಯ ಮಾದರಿ, ಒಳಗೆ ತಟ್ಟೆ ತಿರುಗುತ್ತಿರುತ್ತದೆ, ನಿಧಾನ, ಆದರೆ ಅಗಲವಾದ ಜಾಗ.

ಸೋದರಿಯರೇ, ಇದು ನಮ್ಮ ಹಳೆಯ ಮನೆಯ ಲೆಕ್ಕವೇ. 'ಸಿ' ಅಡುಗೆಮನೆ, ಕೈಗೆಟುಕುವ ಜಾಗ, ಆದರೆ ಇಕ್ಕಟ್ಟು. 'ಡಿ' ಅಟ್ಟ. ನಮ್ಮ ಅತ್ತೆಯವರು ದೊಡ್ಡ ಪಾತ್ರೆ, ಹಬ್ಬದ ಕೊಳಗ, ಹುಣಸೆಹಣ್ಣಿನ ಮಡಕೆ ಎಲ್ಲವನ್ನೂ ಅಟ್ಟಕ್ಕೇರಿಸಿ, "ಮಡಗಿದ್ ಗ್ಯಾನ ಇರ್ಲಿ ಕಣವ್ವ" ಅನ್ನುತ್ತಿದ್ದರು. ಸಾರಿನ ಪುಡಿ ಡಬ್ಬ ಮಾತ್ರ ಒಲೆಯ ಪಕ್ಕದಲ್ಲೇ.

'ಎ' 'ಬಿ' ಎಲ್ಲಿ ಹೋದವು ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಹಿಂದೆ ಕಂಪ್ಯೂಟರಿಗೆ ಫ್ಲಾಪಿ ಎಂಬ ತೆಳ್ಳನೆಯ ತಟ್ಟೆ ಹಾಕುತ್ತಿದ್ದರು. ಆ ಎರಡು ಅಕ್ಷರ ಫ್ಲಾಪಿಗೆ ಮೀಸಲು. ಫ್ಲಾಪಿ ಹೋಯಿತು, ಅಕ್ಷರ ಹಾಗೆಯೇ ಉಳಿಯಿತು. ಇನ್ನೊಂದು ಚೋದ್ಯ. 1956ರಲ್ಲಿ ಅಮೆರಿಕದ ಐಬಿಎಂನವರು ಮೊತ್ತಮೊದಲ ಹಾರ್ಡ್‌ಡಿಸ್ಕ್ ಮಾಡಿದಾಗ ಅದರಲ್ಲಿ ಎರಡೆರಡು ಅಡಿ ಅಗಲದ 50 ತಟ್ಟೆಗಳಿದ್ದವಂತೆ, ತೂಕ ಒಂದು ಟನ್ನಿಗೂ ಮೇಲೆ. ಅಷ್ಟರಲ್ಲಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರ. ಈಗಿನ ಲೆಕ್ಕದಲ್ಲಿ ಅದು ಐದು ಎಂಬಿ, ಫೋನಿನಲ್ಲಿ ಹಿಡಿದ ಒಂದು ಹಾಡು!

ಕೊಂಡ ಅಳತೆ ಪೂರ್ತಿ ಸಿಗುವುದೂ ಇಲ್ಲ, ಗೊತ್ತೇ? ನಮ್ಮ 128 ಜಿಬಿ ಡಿಸ್ಕು 119 ಎಂದು ತೋರಿಸುತ್ತದೆ. 1000 ಎಂದು ಕೊಂಡದ್ದು 931. ಅಂಗಡಿಯವನು ಮೋಸ ಮಾಡಿದ ಎಂದು ನಮ್ಮವರು ಎರಡು ದಿನ ಕುದಿದರು. ಮೋಸವಲ್ಲ. ಮಾಡಿದವರು ಸಾವಿರಕ್ಕೊಂದು ಮೇಲಿನ ಅಳತೆ ಎಂದು ಎಣಿಸುತ್ತಾರೆ, ವಿಂಡೋಸ್ 1024ಕ್ಕೊಂದು ಎಂದು ಎಣಿಸುತ್ತದೆ. ಸಂತೆಯ ಸೇರೇ ಬೇರೆ, ಮನೆಯ ಸೇರೇ ಬೇರೆ.

ಇರಲಿ, ವಿಷಯಕ್ಕೆ ಬರುತ್ತೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯವರ ವಾಡಿಕೆಯ ಬೆಂಬಲ ಮುಗಿಯುತ್ತಿತ್ತು. ಆ ತಿಂಗಳ ಮೊದಲ ವಾರದಲ್ಲೇ ಮಗಳು ಫೋನ್ ಮಾಡಿ, "ಅಮ್ಮ, 11ಕ್ಕೆ ಬದಲಾಯಿಸಿಕೊಳ್ಳಿ, ಅಪ್ಪ ಅದರಲ್ಲಿ ಬ್ಯಾಂಕಿನ ಕೆಲಸ ಮಾಡ್ತಾರೆ" ಎಂದಳು. ಒತ್ತಿದರೆ, ಜಾಗವಿಲ್ಲ ಎಂಬ ಉತ್ತರ. 'ದಿಸ್ ಪಿಸಿ' ತೆರೆದು ನೋಡಿದೆ. 'ಸಿ'ಯ ಪಟ್ಟಿ ಕೆಂಪಗೆ ಉರಿಯುತ್ತಿತ್ತು. ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಜಾಗ ಉಳಿದರೆ ಅದು ಕೆಂಪಾಗುತ್ತದೆ. ನಮ್ಮದರಲ್ಲಿ ಉಳಿದಿದ್ದುದು 3 ಜಿಬಿ. 'ಡಿ' ಮಾತ್ರ ಆರು ವರ್ಷದಿಂದ ಹೊಸ ಅಟ್ಟದಂತೆ ಖಾಲಿ.

ನಾವು ಏನನ್ನೂ 'ಸಿ'ಯಲ್ಲಿ ಇಟ್ಟಿಲ್ಲವಲ್ಲ, ಇಷ್ಟು ಹೇಗೆ ತುಂಬಿತು ಎಂದು ನನಗೆ ಆಶ್ಚರ್ಯ. ಇಲ್ಲಿಯೇ ನಾವು ಹೆಂಗಸರು ಎಡವುವುದು. ಗಂಡಸರೂ ಅಷ್ಟೇ, ಒಪ್ಪಿಕೊಳ್ಳುವುದಿಲ್ಲ. ತೆರೆಯ ಮೇಲೆ ಕಣ್ಣೆದುರಿಗೆ ಕಾಣುವ ಡೆಸ್ಕ್‌ಟಾಪ್ ಇದೆಯಲ್ಲ, ಅದು ಯಾವ ಡಿಸ್ಕಿನಲ್ಲೂ ಇಲ್ಲ, ಸುಮ್ಮನೆ ಮೇಜು ಎಂದು ನಾನು ತಿಳಿದಿದ್ದೆ. ಅದು 'ಸಿ'ಯ ಒಳಗೇ ಇದೆ. ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್, ಎಲ್ಲವೂ ಹೇಳದೆ ಕೇಳದೆ 'ಸಿ'ಗೇ ಬಂದು ಕೂರುತ್ತವೆ. ಅಳಿಸಿದ್ದು ಸಹ ಹೋಗುವುದಿಲ್ಲ, ರೀಸೈಕಲ್ ಬಿನ್ ಎಂಬ ಬುಟ್ಟಿಯಲ್ಲಿ ಅಷ್ಟೇ ಜಾಗ ಹಿಡಿದು ಕೂತಿರುತ್ತದೆ. ಕಸ ಗುಡಿಸಿ ಬಾಗಿಲ ಹಿಂದೆ ಇಟ್ಟಂತೆ. ನಮ್ಮ ಬುಟ್ಟಿಯಲ್ಲೇ 5 ಜಿಬಿ ಇತ್ತು!

ಮಗಳು ದೀಪಾವಳಿಗೆ ಬರುತ್ತೇನೆ, ಅಲ್ಲಿಯವರೆಗೆ ಮುಟ್ಟಬೇಡಿ ಎಂದಿದ್ದಳು. ಕೇಳಬೇಕಿತ್ತು. ನಮ್ಮಿಬ್ಬರಿಗೂ ಹಟ.

ಮೊದಲು ನನ್ನ ಕತೆ. 2021ರ ಲಾಕ್‌ಡೌನಿನ ಸಂಜೆಗಳಲ್ಲಿ ಅತ್ತೆಯವರನ್ನು ಜಗಲಿಯಲ್ಲಿ ಕೂರಿಸಿ ಅವರ ಹಾಡುಗಳನ್ನು ಫೋನಿನಲ್ಲಿ ಹಿಡಿದಿದ್ದೆ. ಸೋಬಾನೆ, ರಾಗಿ ಬೀಸುವ ಪದ, ಲಾಲಿ, ಒಟ್ಟು 23. ಅದರಲ್ಲೊಂದು ಬಿಳಿಗಿರಿರಂಗನ ಪದ. ನಮ್ಮ ಕಡೆಯ ಕತೆ ನಿಮಗೆ ಗೊತ್ತಿರಬಹುದು. ಬೆಟ್ಟದ ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದ, ಅದಕ್ಕೇ ಸೋಲಿಗರು ಇಂದಿಗೂ ದೇವರನ್ನು ಭಾವ ಎನ್ನುತ್ತಾರೆ. ಕುಸುಮಾಲೆಯ ತಾಯಿ ಮಗಳನ್ನು ಕಳಿಸಿಕೊಡುವ ಭಾಗ ಬಂದಾಗ ಅತ್ತೆಯವರ ದನಿ ಇಳಿದು, ಒಂದು ಕಡೆ ನಿಂತೇ ಹೋಗಿ, ಕೆಮ್ಮಿ, ಮತ್ತೆ ಶುರುವಾಗುತ್ತಿತ್ತು. ಹಿಂದೆ ಎಲ್ಲೋ ಬಸ್ಸಿನ ಹಾರನ್ನೂ ಕೇಳುತ್ತಿತ್ತು. 2023ರಲ್ಲಿ ಅತ್ತೆಯವರು ತೀರಿಕೊಂಡರು. ಫೋನು ಬದಲಾಯಿಸುವಾಗ ಹಾಡುಗಳನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿ, 'ಅಮ್ಮ' ಎಂದು ಹೆಸರಿಟ್ಟು, ಡೆಸ್ಕ್‌ಟಾಪಿನ ಮೇಲೆ ಜೋಪಾನವಾಗಿ ಇಟ್ಟಿದ್ದೆ. ಇದ್ದುದು ಅದೊಂದೇ ಪ್ರತಿ.

ಆ ದಿನ, 'ಡಿ'ಯ ಮೇಲೆ ನಂಬಿಕೆ ಇಲ್ಲದೆ, ನಮ್ಮವರ ಹೊರಗಿನ ಡಿಸ್ಕನ್ನು ವೈರಿನಲ್ಲಿ ಸಿಕ್ಕಿಸಿ, 'ಅಮ್ಮ'ನನ್ನೂ ಇನ್ನಷ್ಟು ಫೋಟೋಗಳನ್ನೂ 'ಕಟ್' ಮಾಡಿ ಅಲ್ಲಿ 'ಪೇಸ್ಟ್' ಮಾಡಿದೆ. ಒಂದು ಹಸಿರು ಪಟ್ಟಿ ಓಡುತ್ತಿತ್ತು. ಅಷ್ಟರಲ್ಲಿ ಯಾರದೋ ಫೋನ್, ಒಲೆಯ ಮೇಲೆ ಹಾಲು, ಪೂರಿ ಲಟ್ಟಿಸಲು ಮೇಜು ಬೇಕು. ಬಂದು ನೋಡಿದರೆ ಪಟ್ಟಿ ಕಾಣಲಿಲ್ಲ. ಬೇರೊಂದು ಕಿಟಕಿಯ ಹಿಂದೆ ಅಡಗಿತ್ತಷ್ಟೆ! ಮುಗಿಯಿತು ಎಂದುಕೊಂಡು ವೈರು ಕಿತ್ತೆ.

14 ಹಾಡು ಅಲ್ಲಿ ಸರಿಯಾಗಿದ್ದವು. 6 ಹಾಡು ಇಲ್ಲೇ ಇದ್ದವು. ನಡುವೆ ಇದ್ದ ಮೂರು ಹೆಸರು ಮಾತ್ರ ತೋರಿಸುತ್ತವೆ, ತೆರೆಯುವುದಿಲ್ಲ. ಎರಡನ್ನು ಹಿಂದೆ ಕೊಳ್ಳೇಗಾಲದ ನಾದಿನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದೆ, ಅಲ್ಲಿಂದ ಸಿಕ್ಕವು. ಸಿಗದೇ ಹೋದದ್ದು ಕುಸುಮಾಲೆಯ ಪದ.

ರೀಸೈಕಲ್ ಬಿನ್ ಹುಡುಕಿದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದ್ದು ಆ ಬುಟ್ಟಿಗೆ ಬರುವುದಿಲ್ಲವಂತೆ. ಬರುವುದು ಅಳಿಸಿದ್ದು ಮಾತ್ರ. ಮೈಸೂರಿನ ರಿಪೇರಿ ಅಂಗಡಿಯ ಹುಡುಗ ಪಾಪ ಬಹಳ ಹೊತ್ತು ನೋಡಿದ. ತಿರುಗುವ ಡಿಸ್ಕ್ ಆಗಿದ್ದರೆ ಅಳಿಸಿದ್ದರ ಗುರುತು ಅದರ ಮೇಲೆ ಬೇರೆಯದು ಬರೆಯುವವರೆಗೂ ಉಳಿದಿರುತ್ತದೆ, ಕೆರೆದು ತೆಗೆಯಬಹುದು. ಎಸ್‌ಎಸ್‌ಡಿಯಲ್ಲಿ ಖಾಲಿಯಾದ ಜಾಗವನ್ನು ಯಂತ್ರವೇ ಆಗಿಂದಾಗ್ಗೆ ಒರೆಸಿಬಿಡುತ್ತದೆ, ಚುರುಕಿಗಾಗಿ. "ಆಂಟಿ, ಇದರಲ್ಲಿ ಬರೋದು ಕಷ್ಟ" ಎಂದು ದುಡ್ಡೂ ತೆಗೆದುಕೊಳ್ಳಲಿಲ್ಲ. ಬಸ್ಸಿನಲ್ಲಿ ನಾನು ಮಾತಾಡಲಿಲ್ಲ, ನಮ್ಮವರೂ ಮಾತಾಡಲಿಲ್ಲ.

ಇನ್ನು ನಮ್ಮವರ ಪ್ರತಾಪ. ಅದು ಅಷ್ಟು ಅಳುವಂಥದ್ದಲ್ಲ. ಅಂಗಡಿಯ ಲೆಕ್ಕದ ಪ್ರೋಗ್ರಾಮ್ ಬಹಳ ಜಾಗ ತಿಂದಿದೆ ಎಂದು, ಅದು ಕೂತಿದ್ದ ಫೋಲ್ಡರನ್ನೇ ಇಡಿಯಾಗಿ ಎಳೆದು 'ಡಿ'ಗೆ ಹಾಕಿದರು. ಯಂತ್ರ ಒಮ್ಮೆ ಅನುಮತಿ ಕೇಳಿತಂತೆ. ಇವರು ಯಜಮಾನರಲ್ಲವೇ, 'ಕಂಟಿನ್ಯೂ' ಒತ್ತಿದರು. ಮಾರನೆಯ ದಿನ ಅಂಗಡಿಯಲ್ಲಿ ತೆರೆದರೆ ಪ್ರೋಗ್ರಾಮ್ ಏಳುತ್ತಲೇ ಇಲ್ಲ. ಎದುರಿಗೆ ಯೂರಿಯಾಕ್ಕೆ ಸಾಲು ನಿಂತ ರೈತರು. ಮಗಳಿಗೆ ಫೋನ್ ಹೋಯಿತು. "ಅಪ್ಪಾ, ಎಲ್ಲಿಂದ ತೆಗೆದ್ಯೋ ಅಲ್ಲೇ ವಾಪಸ್ ಇಡು" ಎಂದಳು. ಇಟ್ಟರು, ಎದ್ದಿತು.

ಏಕೆ ಹೀಗೆ ಎಂದು ದೀಪಾವಳಿಗೆ ಬಂದ ಮೇಲೆ ಅವಳು ಹೇಳಿದ್ದು ನನ್ನ ತಲೆಗೆ ಚೆನ್ನಾಗಿ ಹೊಕ್ಕಿತು. ಫೋಟೋ, ಹಾಡು, ಕಾಗದಪತ್ರ ಇವೆಲ್ಲ ಪಾತ್ರೆ ಇದ್ದಂತೆ. ಎತ್ತಿ ಎಲ್ಲಿ ಬೇಕಾದರೂ ಇಡಬಹುದು. ಪ್ರೋಗ್ರಾಮ್ ಹಾಗಲ್ಲ, ಅದು ಬೇರು ಬಿಟ್ಟ ಗಿಡ. ಹಾಕಿದ ದಿನವೇ ಅದು ತಾನಿರುವ ಜಾಗವನ್ನು ವಿಂಡೋಸಿನ ಒಂದು ದೊಡ್ಡ ದಫ್ತರದಲ್ಲಿ ಬರೆಸಿರುತ್ತದೆ. ಆ ದಫ್ತರದ ಹೆಸರೇ ರಿಜಿಸ್ಟ್ರಿ! ಮನೆಯ ಸಾಮಾನೆಲ್ಲ ಲಾರಿಗೆ ಹೇರಿದ ಮಾತ್ರಕ್ಕೆ ಖಾತೆ, ರೇಷನ್ ಕಾರ್ಡು, ಗ್ಯಾಸಿನ ಪುಸ್ತಕದಲ್ಲಿ ವಿಳಾಸ ಬದಲಾಗುತ್ತದೆಯೇ? ಟಪಾಲಿನವನು ಹಳೆಯ ಮನೆಗೇ ಹೋಗಿ ಬಾಗಿಲು ತಟ್ಟುತ್ತಾನೆ. ಅದೇ ಆದದ್ದು.

ಹಾಗಾದರೆ ಪ್ರೋಗ್ರಾಮ್ ಸಾಗಿಸುವುದೇ ಆಗದೇ? ಆಗುತ್ತದೆ, ಅದಕ್ಕೆ ಬೇರೆ ದಾರಿ. ಸೆಟ್ಟಿಂಗ್ಸಿನಲ್ಲಿ ಆಪ್ಸ್, ಅದರೊಳಗೆ ಇನ್‌ಸ್ಟಾಲ್ಡ್ ಆಪ್ಸ್ ಎಂದು ಪಟ್ಟಿ ಇರುತ್ತದೆ. ಹೆಸರಿನ ಪಕ್ಕದ ಮೂರು ಚುಕ್ಕಿ ಒತ್ತಿ, 'ಮೂವ್' ಎಂದು ಕಂಡರೆ ಧಾರಾಳವಾಗಿ 'ಡಿ'ಗೆ ಕಳಿಸಿ, ವಿಳಾಸವನ್ನು ವಿಂಡೋಸೇ ತಿದ್ದಿಕೊಳ್ಳುತ್ತದೆ. ಆದರೆ ಹೀಗೆ ಬರುವುದು ಹೆಚ್ಚಾಗಿ ಮೈಕ್ರೋಸಾಫ್ಟ್ ಸ್ಟೋರಿನಿಂದ ಹಾಕಿಕೊಂಡವು. ಮಿಕ್ಕವನ್ನು ಅನ್‌ಇನ್‌ಸ್ಟಾಲ್ ಮಾಡಿ, ಮತ್ತೆ ಹಾಕುವಾಗ 'ಕಸ್ಟಮ್' ಎಂದು ಕೊಟ್ಟು 'ಡಿ'ಯ ದಾರಿ ತೋರಿಸಬೇಕು. ಗಿಡ ಕಿತ್ತು ಬೇರೆ ಪಾತಿಯಲ್ಲಿ ನೆಟ್ಟ ಹಾಗೆ. ಕೀಳುವ ಮೊದಲು ಮತ್ತೆ ಹಾಕಲು ಬೇಕಾದ ಸೆಟಪ್ ಫೈಲ್ ಇದೆಯೇ, ಲೈಸೆನ್ಸಿನ ಸಂಖ್ಯೆ ಬರೆದಿಟ್ಟಿದ್ದೀರಾ, ಲೆಕ್ಕದ ದತ್ತಾಂಶವನ್ನು ಬೇರೆ ಕಡೆ ಪ್ರತಿ ಮಾಡಿದ್ದೀರಾ, ನೋಡಿಕೊಳ್ಳಿ. ಕೆಲವು ಪ್ರೋಗ್ರಾಮುಗಳು ಎಷ್ಟು ಹೇಳಿದರೂ 'ಸಿ'ಯಲ್ಲೇ ಕೂರುತ್ತವೆ, ಹಟಮಾರಿ ಮಕ್ಕಳು. ಬಿಟ್ಟುಬಿಡಿ.

ನನ್ನನ್ನು ಕೇಳಿದರೆ ದಿನಾ ಬಳಸುವ ಪ್ರೋಗ್ರಾಮುಗಳನ್ನು ಸಾಗಿಸುವ ಗೋಜಿಗೇ ಹೋಗಬೇಡಿ. 'ಡಿ' ತಿರುಗುವ ಡಿಸ್ಕ್ ಆದರೆ ಅಲ್ಲಿಂದ ಅವು ನಿಧಾನವಾಗಿ ಏಳುತ್ತವೆ. ಸಾರಿನ ಪುಡಿಗಾಗಿ ದಿನಾ ಅಟ್ಟ ಹತ್ತುವವರುಂಟೇ? ನಮ್ಮವರ ಲೆಕ್ಕದ ಪ್ರೋಗ್ರಾಮ್ 'ಸಿ'ಯಲ್ಲೇ ಇದೆ. ಹೊರಗಿನ ಡಿಸ್ಕಿಗಂತೂ ಪ್ರೋಗ್ರಾಮ್ ಹಾಕಲೇಬೇಡಿ. ಒಂದು ದಿನ 'ಇ' ಎಂದು ಬಂದದ್ದು ಇನ್ನೊಂದು ದಿನ 'ಎಫ್' ಎಂದು ಬರಬಹುದು, ಆಗ ವಿಳಾಸ ಮತ್ತೆ ತಪ್ಪುತ್ತದೆ.

ಈಗ ಹನೂರಿನ ಸೋದರಿಗೆ ಬೇಕಾದದ್ದು. ಮಗಳು ನನ್ನ ಕೈಯಿಂದಲೇ ಮಾಡಿಸಿದಳು, ತಾನು ಮೌಸ್ ಮುಟ್ಟಲಿಲ್ಲ. ಮೊದಲು 'ಡಿ' ತೆರೆದು, ಅದರೊಳಗೆ 'ಫೋಟೋ' ಎಂದು ಒಂದು ಹೊಸ ಫೋಲ್ಡರ್ ಮಾಡಿದೆ. ಈ ಹೆಜ್ಜೆ ತಪ್ಪಿಸಬೇಡಿ. ಫೋಲ್ಡರ್ ಮಾಡದೆ ಬರಿಯ 'ಡಿ'ಯನ್ನೇ ತೋರಿಸಿದರೆ ಇಡೀ 'ಡಿ'ಯೇ ಪಿಕ್ಚರ್ಸ್ ಆಗಿ ಕೂತುಬಿಡುತ್ತದೆ, ಆಮೇಲೆ ಬಿಡಿಸುವುದು ಸಿಕ್ಕು ಬಿದ್ದ ಜಡೆ ಬಿಡಿಸಿದಂತೆ.

ಆಮೇಲೆ ಫೋಟೋಗಳನ್ನೆಲ್ಲ 'ಕಾಪಿ' ಮಾಡಿ, ಹೊರಗಿನ ಡಿಸ್ಕಿಗೆ ಪೇಸ್ಟ್ ಮಾಡಿದೆ. ಕಟ್ ಅಲ್ಲ, ಕಾಪಿ. ಮುಗಿದ ಮೇಲೆ ಎರಡೂ ಕಡೆ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ನೋಡಿದರೆ ಎಷ್ಟು ಫೈಲು, ಎಷ್ಟು ಗಾತ್ರ ಎಂದು ಬರುತ್ತದೆ. ಎರಡೂ ಕಡೆ ಸಂಖ್ಯೆ ಒಂದೇ ಇರಬೇಕು. ಅಲ್ಲಲ್ಲಿ ನಾಲ್ಕಾರು ತೆರೆದೂ ನೋಡಬೇಕು. ಬರಿಯ ಹೆಸರು ನಂಬಬಾರದು, ಅದು ನಾನು ಕಲಿತ ಪಾಠ. ಹೊರಗಿನ ಡಿಸ್ಕ್ ಕೀಳುವಾಗ ಕೆಳಗಿನ ಮೂಲೆಯಲ್ಲಿ ಅದರ ಚಿತ್ರ ಒತ್ತಿ, ತೆಗೆಯಬಹುದು ಎಂದು ಅದು ಹೇಳಿದ ಮೇಲೆಯೇ ಕೀಳಬೇಕು.

ಹೀಗೆ ಒಂದು ಪ್ರತಿ ಭದ್ರವಾದ ಮೇಲೆ, ಎಡಗಡೆ ಪಟ್ಟಿಯಲ್ಲಿರುವ 'ಪಿಕ್ಚರ್ಸ್' ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್, ಅದರಲ್ಲಿ 'ಲೊಕೇಶನ್', ಅದರಲ್ಲಿ 'ಮೂವ್', ಆಮೇಲೆ 'ಡಿ'ಯಲ್ಲಿ ಮಾಡಿಟ್ಟ ಫೋಟೋ ಫೋಲ್ಡರ್ ತೋರಿಸಿದೆ. ಹಳೆಯದನ್ನೆಲ್ಲ ಸಾಗಿಸಲೇ ಎಂದು ಕೇಳಿತು. 'ಎಸ್' ಎಂದೆ. ಇದರ ಸೊಗಸು ಏನೆಂದರೆ, ಪಿಕ್ಚರ್ಸ್ ಮೊದಲಿನ ಜಾಗದಲ್ಲೇ ಕಾಣುತ್ತದೆ, ನೀವು ಮೊದಲಿನಂತೆಯೇ ತೆರೆಯುತ್ತೀರಿ, ಆದರೆ ಸಾಮಾನು ಇರುವುದು ಅಟ್ಟದಲ್ಲಿ. ಇನ್ನು ಮುಂದೆ ಪಿಕ್ಚರ್ಸಿಗೆ ಹಾಕಿದ್ದೂ ಅಲ್ಲಿಗೇ ಹೋಗುತ್ತದೆ. ಡೌನ್‌ಲೋಡ್ಸಿಗೂ ಹೀಗೆಯೇ ಬೇರೊಂದು ಫೋಲ್ಡರ್ ಮಾಡಿ ಮಾಡಿದೆ. ಒನ್‌ಡ್ರೈವ್ ಎಂಬುದು ನಿಮ್ಮ ಫೋಟೋಗಳನ್ನು ಕಾಯುತ್ತಿದ್ದರೆ ಮಾತ್ರ ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ, ಅದರದು ಸ್ವಲ್ಪ ಬೇರೆ ತರಹ.

ಫೋಟೋ 34 ಜಿಬಿ, ಡೌನ್‌ಲೋಡ್ಸ್ 9, ಬುಟ್ಟಿಯ ಕಸ 5. ಇದ್ದ 3ಕ್ಕೆ 48 ಸೇರಿ 51 ಜಿಬಿ ಜಾಗ ಬಂತು. ಕೆಂಪು ಪಟ್ಟಿ ನೀಲಿಯಾಯಿತು. ನರಕ ಚತುರ್ದಶಿಯ ಮಧ್ಯಾಹ್ನ, ಕಜ್ಜಾಯ ತಿನ್ನುತ್ತಾ ಕೂತಿದ್ದಾಗ ವಿಂಡೋಸ್ 11 ಬಂದು ಕೂತಿತು. ಬಂದ ಮೇಲೆ ಮತ್ತೆ ಜಾಗ ಕಡಿಮೆ ತೋರಿಸಿತು, ನನಗೆ ಎದೆ ಧಸಕ್ಕೆಂದಿತು. ಹಳೆಯ ವಿಂಡೋಸನ್ನು 10 ದಿನ ಇಟ್ಟುಕೊಂಡಿರುತ್ತದೆ, ಹೊಸದು ಒಗ್ಗದಿದ್ದರೆ ಹಿಂದಕ್ಕೆ ಹೋಗಲು. ಆಮೇಲೆ ತಾನೇ ತೆಗೆದುಹಾಕುತ್ತದೆ.

ಸೆಟ್ಟಿಂಗ್ಸಿನ ಸಿಸ್ಟಮ್, ಸ್ಟೋರೇಜ್ ಒಳಗೆ 'ಟೆಂಪೊರರಿ ಫೈಲ್ಸ್' ಎಂದು ಕಸದ ಪಟ್ಟಿಯೂ ಇದೆ. ಗುರುತು ಹಾಕಿ ತೆಗೆಯಬಹುದು. ಆದರೆ ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಹೆಸರೂ ಇರುತ್ತದೆ, ಜೋಕೆ! ಎಲ್ಲಕ್ಕೂ ಟಿಕ್ ಹಾಕಿದರೆ ಮಕ್ಕಳ ಮಾರ್ಕ್ಸ್‌ಕಾರ್ಡೂ ಕಸದ ಜತೆ ಹೋದೀತು. 'ವಿಂಡೋಸ್', 'ಪ್ರೋಗ್ರಾಮ್ ಫೈಲ್ಸ್' ಎಂಬ ಫೋಲ್ಡರುಗಳಿಗೆ ಮಾತ್ರ ಕೈ ಹಾಕಲೇಬೇಡಿ, ಎಷ್ಟು ದಪ್ಪ ಕಂಡರೂ.

ಕೆಲಸವೆಲ್ಲ ಮುಗಿಯಿತು ಎಂದು ನಾನು ಏಳುವಾಗ ಮಗಳು ಕೇಳಿದಳು, "ಅಮ್ಮ, ಲ್ಯಾಪ್‌ಟಾಪೇ ಕಳುವಾದರೆ?" ಅದೂ ನಿಜವೇ. 'ಡಿ'ಗೆ ಸಾಗಿಸಿದರೆ ಜಾಗ ಸಿಕ್ಕಿತೇ ಹೊರತು ಭದ್ರತೆ ಸಿಗಲಿಲ್ಲ. ಎಷ್ಟೋ ಕಂಪ್ಯೂಟರುಗಳಲ್ಲಿ 'ಸಿ' 'ಡಿ' ಎರಡೂ ಒಂದೇ ಡಿಸ್ಕಿನ ಎರಡು ಭಾಗ, ನಡುವೆ ಗೋಡೆ ಎಬ್ಬಿಸಿದ ಅಣ್ಣತಮ್ಮಂದಿರ ಮನೆಯಂತೆ. ಸೂರು ಕುಸಿದರೆ ಎರಡೂ ಹೋಯಿತು. ನಮ್ಮೂರಿನವಳೇ ಎಂದು ನಾವು ಹೆಮ್ಮೆಪಡುವ ಸಂಚಿ ಹೊನ್ನಮ್ಮ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆ ಸಂಚಿ ಹಿಡಿಯುತ್ತಿದ್ದವಳು, 'ಹದಿಬದೆಯ ಧರ್ಮ' ಬರೆದು ಮುನ್ನೂರು ವರ್ಷದ ಮೇಲಾಯಿತು. ಆ ಕಾಲದ ಬರಹ ಯಾರೋ ಕೂತು ಪ್ರತಿ ಮಾಡಿಕೊಂಡರೆ ಉಂಟು, ಇಲ್ಲದಿದ್ದರೆ ಹುಳುವಿನ ಪಾಲು. ಈಗ ಪ್ರತಿ ಮಾಡುವುದು ಎರಡು ಗುಂಡಿ ಒತ್ತುವಷ್ಟು ಸುಲಭ, ಆದರೂ ನಾನು ಮಾಡಿರಲಿಲ್ಲ ನೋಡಿ.

ಈಗ ಅತ್ತೆಯವರ 22 ಹಾಡು ಮೂರು ಕಡೆ ಇವೆ. 'ಡಿ'ಯಲ್ಲಿ ಒಂದು, ನಮ್ಮ ಬೀರುವಿನಲ್ಲಿ ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿಟ್ಟ ಹೊರಗಿನ ಡಿಸ್ಕಿನಲ್ಲಿ ಒಂದು, ಕೊಳ್ಳೇಗಾಲದಲ್ಲಿ ನಾದಿನಿಯ ಮನೆಯಲ್ಲಿ ಒಂದು.

ಕುಸುಮಾಲೆಯ ಪದ ನಾದಿನಿಗೆ ಮೊದಲೆರಡು ಸೊಲ್ಲು ಮಾತ್ರ ಬರುತ್ತದೆ. ನನಗೆ ರಾಗ ಗೊತ್ತು, ಮಾತು ಬರುವುದಿಲ್ಲ. ಗುಂಬಳ್ಳಿಯಲ್ಲಿ ಅತ್ತೆಯವರ ತಂಗಿ ಇದ್ದಾರೆ, ಎಂಬತ್ತು ದಾಟಿದೆ, ಹಲ್ಲಿಲ್ಲ, ಕಿವಿಯೂ ಮಂದ. ಫೋನಿನಲ್ಲಿ ಕೂಗಿ ಕೂಗಿ ಕೇಳಿದೆ. "ನಿಮ್ಮತ್ತೆ ಹೇಳ್ತಿದ್ದಂಗೆ ಅಲ್ಲ, ನಮ್ಮವ್ವ ಹೇಳ್ತಿದ್ದಂಗೆ ಬತ್ತದೆ, ಬಾ" ಎಂದರು. ಬರುವ ಭಾನುವಾರ ಹೋಗುತ್ತಿದ್ದೇನೆ. ಫೋನಿನಲ್ಲಿ ಎಷ್ಟು ಜಾಗವಿದೆ ಎಂದು ಈಗ ತಾನೇ ನೋಡಿದೆ, 11 ಜಿಬಿ ಇದೆ.